ಲೀಗ್ ಟೆನಿಸ್‌ಗೆ ಹೆಸರು ಕೊಡುವಾಗ 3.0 ಬರೆಯಬೇಕೋ, 3.5 ಬರೆಯಬೇಕೋ? ಗೊತ್ತಿದ್ದವರು ಹೇಳಿ

ಪ್ರಶ್ನೆ

ಅಮೆರಿಕದ ಡಲ್ಲಾಸ್ ಹತ್ತಿರ ಇದ್ದೇನೆ, ವಯಸ್ಸು 36. ಯುಎಸ್‌ಟಿಎ (ಅಮೆರಿಕದ ಟೆನಿಸ್ ಸಂಸ್ಥೆ) ಲೀಗ್‌ನಲ್ಲಿ 18 ಮೇಲ್ಪಟ್ಟವರ ವಿಭಾಗಕ್ಕೆ ಸೇರೋಣ ಅಂತ ಹೊರಟರೆ, ಮೊದಲು ನಿಮ್ಮ ಎನ್‌ಟಿಆರ್‌ಪಿ (ಅವರು ಆಟಗಾರರ ಮಟ್ಟ ಅಳೆಯುವ ಅಂಕಿ) ಮಟ್ಟ ಎಷ್ಟು ಅಂತ ನೀವೇ ಹೇಳಿ ಅನ್ನುತ್ತೆ. ಹೈಸ್ಕೂಲಿನಲ್ಲಿದ್ದಾಗ ಮೈಸೂರಿನಲ್ಲಿ ಮಣ್ಣಿನ ಕೋರ್ಟ್ ಮೇಲೆ ಕೋಚಿಂಗ್ ಆಗಿತ್ತು. ಇಂಜಿನಿಯರಿಂಗ್ ಓದುವಾಗ ಅಂತರ ಕಾಲೇಜು ಪಂದ್ಯ ಆಡಿದ್ದೆ. ಎಐಟಿಎ (ಭಾರತದ ಟೆನಿಸ್ ಸಂಸ್ಥೆ) ರ‍್ಯಾಂಕಿಂಗ್ ಇರಲಿಲ್ಲ. ಆಮೇಲೆ ಬಹಳ ವರ್ಷ ರ‍್ಯಾಕೆಟ್ ಮುಟ್ಟಿಲ್ಲ, ಈಗ ವಾರಕ್ಕೆರಡು ಸಲ ಆಡ್ತೀನಿ. ಫೋರ್‌ಹ್ಯಾಂಡ್ ಗಟ್ಟಿ, ಬ್ಯಾಕ್‌ಹ್ಯಾಂಡ್ ಬರೀ ಸ್ಲೈಸ್ (ಚೆಂಡನ್ನು ಕೆಳಗೆ ಕತ್ತರಿಸಿದ ಹಾಗೆ ಹೊಡೆಯೋದು). ಸೇರಬೇಕೆಂದಿರುವ ತಂಡದ ಕ್ಯಾಪ್ಟನ್ "3.0 ಹಾಕಿ, ಸಾಕು" ಅಂತಾರೆ. ಜೊತೆಗೆ ಆಡುವವರು "ನಿಮ್ದು 4.0 ಆಟ" ಅಂತಾರೆ. ಪಟ್ಟಿಯಲ್ಲಿರುವ ವಿವರಣೆ ಓದಿದರೆ ಮೂರೂ ಮಟ್ಟ ನನ್ನದೇ ಅನ್ನಿಸುತ್ತೆ. ನಮ್ಮ ಆಟ ನಾವೇ ಅಳೆಯೋದು ಹೇಗೆ? ತಪ್ಪಾದರೆ ಏನಾಗುತ್ತೆ?

ಉತ್ತರಗಳು (ಮೊದಲಿಗೆ ಬರೆದವರ ಅಡ್ಡಹೆಸರು)

ಎರಡನೇ ಸರ್ವ್:

ಮೊದಲು ಆ ಅಂಕಿಯ ಅರ್ಥ ತಿಳಿದುಕೊಳ್ಳಿ. ಎನ್‌ಟಿಆರ್‌ಪಿಯಲ್ಲಿ ಮೆಟ್ಟಿಲುಗಳು ಅರ್ಧರ್ಧ ಅಂಕದಂತೆ 7.0 ತನಕ ಹೋಗುತ್ತವೆ. ತುದಿಯಲ್ಲಿರುವವರು ಟೆನಿಸ್‌ನಿಂದಲೇ ಹೊಟ್ಟೆ ಹೊರೆಯುವವರು, ನಮ್ಮ ಕೊಡಗಿನ ರೋಹನ್ ಬೋಪಣ್ಣನವರಂಥ ಆಟಗಾರರು. ಲೀಗ್‌ನ ಜನಸಂದಣಿ ಇರೋದು 3.0, 3.5, 4.0 ಈ ಮೂರರಲ್ಲಿ. ಒಳಗೆ ಕಂಪ್ಯೂಟರ್ ನೂರನೇ ಒಂದು ಭಾಗದ ತನಕ ಲೆಕ್ಕ ಇಟ್ಟಿರುತ್ತೆ, ಹೊರಗೆ ಕಾಣೋದು ಅರ್ಧದ ಮೆಟ್ಟಿಲು ಮಾತ್ರ. 3.5 ಅಂದರೆ 3.01ರಿಂದ 3.50. ಅಂದರೆ ಆ ಅಂಕಿ ಆ ಮಟ್ಟದ ಚಾವಣಿ, ನಡುಮಟ್ಟವಲ್ಲ. ಬಹಳ ಜನ "ನಾನು ಸುಮಾರು ಮೂರೂಕಾಲು ಇರಬಹುದು, ಹಾಗಾಗಿ 3.0" ಅಂತ ಲೆಕ್ಕ ಹಾಕುತ್ತಾರೆ. ಮೂರೂಕಾಲು ಇದ್ದರೆ ನೀವು 3.5. ಒಂದೇ ಮಟ್ಟದೊಳಗೆ ಕೆಳತುದಿಯವನಿಗೂ ಮೇಲ್ತುದಿಯವನಿಗೂ ಪಂದ್ಯ ಬಿದ್ದರೆ 6-0, 6-0 ಆದರೂ ಆಶ್ಚರ್ಯವಿಲ್ಲ. ಅದನ್ನು ನೋಡಿ "ಅವನು ಮೋಸ ಮಾಡಿ ಕೆಳಗೆ ಆಡ್ತಿದ್ದಾನೆ" ಅಂತ ದೂರುವವರು ಪ್ರತಿ ಸೀಸನ್‌ನಲ್ಲೂ ಇರ್ತಾರೆ.

ವಿವರಣೆ ಓದಿದಾಗ ಮೂರೂ ನಾನೇ ಅನ್ನಿಸೋದಕ್ಕೆ ಕಾರಣ ಇದೆ. ಪ್ರತಿಯೊಬ್ಬರೂ ತಮ್ಮ ಒಳ್ಳೆ ಹೊಡೆತ ಇಟ್ಟುಕೊಂಡು ಓದುತ್ತಾರೆ. ನೀವು ಫೋರ್‌ಹ್ಯಾಂಡ್ ಪಕ್ಕಕ್ಕಿಟ್ಟು ಮತ್ತೆ ಓದಿ. ಪಂದ್ಯದಲ್ಲಿ ಎದುರಿನವನು ಮೂರನೇ ಗೇಮ್ ಹೊತ್ತಿಗೆ ನಿಮ್ಮ ಬ್ಯಾಕ್‌ಹ್ಯಾಂಡ್ ಕಂಡುಕೊಂಡಿರ್ತಾನೆ, ಅಲ್ಲಿಂದ ಮುಂದೆ ಅಲ್ಲಿಗೇ ಹಾಕ್ತಾನೆ. ಮಟ್ಟ ನಿರ್ಧಾರ ಆಗೋದು ಆ ಹೊಡೆತದಲ್ಲಿ, ಎರಡನೇ ಸರ್ವ್‌ನಲ್ಲಿ, ಮತ್ತೆ ಓಡಿ ಹೋಗಿ ಹೊಡೆಯುವ ಚೆಂಡಿನಲ್ಲಿ.

ಚೆಂಡನ್ನೇ ಇಟ್ಟುಕೊಂಡು ಹೇಳ್ತೀನಿ.

3.0 ಆಟಗಾರ ಮಧ್ಯಮ ವೇಗದ ಚೆಂಡನ್ನು ಬಹುಪಾಲು ಸಲ ನೆಟ್ ದಾಟಿಸ್ತಾನೆ. ಎಲ್ಲಿಗೆ, ಎಷ್ಟು ಆಳಕ್ಕೆ ಅನ್ನೋದು ಅವನ ಕೈಯಲ್ಲಿಲ್ಲ. ಆಯ್ಕೆ ಮಾಡಿ ಹೊಡೆಯಲು ಹೋದ ತಕ್ಷಣ ತಪ್ಪು ಬರುತ್ತೆ. ಮೊದಲ ಸರ್ವ್ ಜೋರು, ಹತ್ತರಲ್ಲಿ ಮೂರೋ ನಾಲ್ಕೋ ಒಳಗೆ. ಎರಡನೆಯದು ಮೆಲ್ಲಗೆ ತಳ್ಳಿದ ಹಾಗೆ. ಡಬಲ್ಸ್‌ನಲ್ಲಿ ಒಬ್ಬ ನೆಟ್ ಹತ್ತಿರ, ಒಬ್ಬ ಹಿಂದೆ, ಇಡೀ ಪಂದ್ಯ ಅಲ್ಲಲ್ಲೇ ನಿಂತಿರ್ತಾರೆ.

3.5ರಲ್ಲಿ ಸುಮಾರು ವೇಗದ ಚೆಂಡಿಗೆ ದಿಕ್ಕು ಬಂದಿರುತ್ತೆ, ಆಳ ಇನ್ನೂ ನಂಬುವ ಹಾಗಿರಲ್ಲ. ಬ್ಯಾಕ್‌ಹ್ಯಾಂಡ್ ಆಚೆ ಹೋಗುತ್ತೆ, ಆದರೆ ನೆಟ್ ಹತ್ತಿರ, ಸರ್ವಿಸ್ ಬಾಕ್ಸ್ ಒಳಗೇ ಬೀಳುತ್ತೆ. ವಾಲಿಗೆ (ಚೆಂಡು ಪುಟಿಯುವ ಮೊದಲೇ ಹೊಡೆಯಲು) ಮುಂದೆ ಬರುವ ಧೈರ್ಯ ಇದೆ. ಲಾಬ್ (ತಲೆ ಮೇಲಿಂದ ಎತ್ತರಕ್ಕೆ ಹಾಕಿದ ಚೆಂಡು) ಬಂದರೆ "ನಿಂದು, ನಿಂದು" ಅಂತ ಕೂಗಿ ಜಾಗ ಬದಲಾಯಿಸಿಕೊಳ್ಳುವಷ್ಟು ಹೊಂದಾಣಿಕೆ ಶುರುವಾಗಿರುತ್ತೆ.

4.0ರಲ್ಲಿ ಎರಡೂ ಕಡೆ ದಿಕ್ಕು ಮತ್ತು ಆಳ ಇರುತ್ತೆ, ಕನಿಷ್ಠ ಸುಮಾರು ವೇಗದ ಚೆಂಡಿಗೆ. ಲಾಬ್, ಓವರ್‌ಹೆಡ್ (ಸ್ಮ್ಯಾಶ್), ಅಪ್ರೋಚ್ (ನೆಟ್‌ಗೆ ನುಗ್ಗುವ ಮುಂಚಿನ ಹೊಡೆತ), ವಾಲಿ ಎಲ್ಲವನ್ನೂ ಬಳಸ್ತಾರೆ, ಅರ್ಧಕ್ಕಿಂತ ಹೆಚ್ಚು ಸಲ ಫಲ ಸಿಗುತ್ತೆ. ರ‍್ಯಾಲಿ ಸೋಲೋದು ಹೊಡೆತ ಬಾರದೆ ಅಲ್ಲ, ತಾಳ್ಮೆ ತಪ್ಪಿ. ಸರ್ವ್‌ನಿಂದ ಆಗಾಗ ಎದುರಿನವರ ಕೈಯಲ್ಲಿ ತಪ್ಪು ಮಾಡಿಸ್ತಾರೆ.

4.5 ನಿಮ್ಮ ಪ್ರಶ್ನೆಯಲ್ಲಿಲ್ಲ, ಆದರೂ ಗಡಿ ತಿಳಿದಿರಲಿ: ಬರುವ ವೇಗವನ್ನು ತಡೆದುಕೊಂಡು ತಿರುಗಿಸಿ ಕೊಡಬಲ್ಲವರು, ಎರಡನೇ ಸರ್ವ್ ಬೇಕಾದ ಜಾಗಕ್ಕೆ ಇಡಬಲ್ಲವರು, ಎದುರಿನವರನ್ನು ನೋಡಿ ಆಟದ ಯೋಜನೆ ಬದಲಿಸುವವರು.

ಸ್ಲೈಸ್ ಒಂದೇ ಇದೆ ಅಂದಿರಲ್ಲ, ಅದು ತಾನಾಗಿ ಕೆಳಗಿನ ಮಟ್ಟದ ಗುರುತಲ್ಲ. ಆಳಕ್ಕೆ, ತಗ್ಗಾಗಿ, ಬೇಕಾದ ಮೂಲೆಗೆ ಹೋಗುವ ಸ್ಲೈಸ್ ಇಟ್ಟುಕೊಂಡು 4.0 ಆಡುವವರು ಬೇಕಾದಷ್ಟಿದ್ದಾರೆ. ಎದುರಿನವನು ನೆಟ್‌ಗೆ ಬಂದಾಗ ಆ ಸ್ಲೈಸ್ ಏನು ಮಾಡುತ್ತೆ ಅನ್ನೋದು ಪರೀಕ್ಷೆ. ತೇಲಿ ಅವನ ಎದೆಯ ಎತ್ತರಕ್ಕೆ ಹೋದರೆ 3.5. ಅವನ ಕಾಲ ಬಳಿ ಬಿದ್ದರೆ, ಇಲ್ಲವೇ ತಲೆ ಮೇಲೆ ಲಾಬ್ ಆಗಿ ಹೋದರೆ, ಅದು ಬೇರೆ ಮಾತು.

ಲೈನ್‌ಅಪ್ ಬರೆಯುವವ:

ತಪ್ಪಾದರೆ ಏನಾಗುತ್ತೆ ಅನ್ನೋದಕ್ಕೆ ಉತ್ತರ ನನ್ನದು. ಕ್ಯಾಪ್ಟನ್‌ಗಳ ಲೆಕ್ಕ ಗೊತ್ತಿರಲಿ ಅಂತ ಸ್ವಲ್ಪ ಬಿಚ್ಚಿ ಹೇಳ್ತೀನಿ.

18+ ತಂಡದ ಪಂದ್ಯ ಸಾಮಾನ್ಯವಾಗಿ ಎರಡು ಸಿಂಗಲ್ಸ್, ಮೂರು ಡಬಲ್ಸ್. ಐದರಲ್ಲಿ ಮೂರು ಗೆದ್ದವರು ಗೆದ್ದ ಹಾಗೆ. 3.5 ಆಟಗಾರ 3.0 ಅಂತ ಬರೆಸಿಕೊಂಡು ಬಂದರೆ ಒಂದು ಲೈನ್ (ಆ ಐದರಲ್ಲಿ ಒಂದು ಪಂದ್ಯ) ಮೊದಲೇ ಜೇಬಿನಲ್ಲಿ. ಅದಕ್ಕೇ ಹೊಸಬರಿಗೆ "ಕೆಳಗೆ ಹಾಕಿ" ಅನ್ನೋ ಸಲಹೆ ಬರೋದು. ಹೀಗೆ ಬೇಕಂತಲೇ ಮಟ್ಟ ಕಡಿಮೆ ಬರೆಸೋದಕ್ಕೆ ಇಲ್ಲಿ ಸ್ಯಾಂಡ್‌ಬ್ಯಾಗಿಂಗ್ ಅಂತಾರೆ. ಹೇಳಿದ ಕ್ಯಾಪ್ಟನ್ ಕೆಟ್ಟವರು ಅಂತಲ್ಲ, ಆದರೆ ಬರೆಯುವ ಅಂಕಿ ನಿಮ್ಮ ಹೆಸರಲ್ಲಿ ಇರುತ್ತೆ.

ನೀವೇ ಹೇಳಿಕೊಂಡ ಮಟ್ಟದ ಪಕ್ಕದಲ್ಲಿ ಎಸ್ ಅನ್ನೋ ಅಕ್ಷರ ಬರುತ್ತೆ. ಲೀಗ್ ಆಡಿ ವರ್ಷಾಂತ್ಯದಲ್ಲಿ ಕಂಪ್ಯೂಟರ್ ಕೊಟ್ಟದ್ದು ಸಿ. ಮೇಲ್ಮನವಿ ಹಾಕಿ ಬದಲಾಯಿಸಿಕೊಂಡದ್ದು ಎ. ಮಿಕ್ಸೆಡ್ (ಗಂಡು-ಹೆಣ್ಣು ಜೋಡಿ) ಮಾತ್ರ ಆಡುವವರದು ಎಂ. ಇದರಲ್ಲಿ ಎಸ್ ಮತ್ತು ಎ ಇರುವವರ ಮೇಲೆ ಸೀಸನ್ ನಡುವೆಯೂ ಕಣ್ಣಿರುತ್ತೆ. ನಿಮ್ಮ ಪಂದ್ಯಗಳ ಲೆಕ್ಕ ಆ ಮಟ್ಟದ ಚಾವಣಿಯನ್ನು ಒಂದು ಮಿತಿಗಿಂತ ಹೆಚ್ಚು ದಾಟಿದ ಪ್ರತಿ ಸಲವೂ ಒಂದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಆ ಮಟ್ಟದಿಂದ ಅನರ್ಹ, ಮೇಲಿನ ಮಟ್ಟಕ್ಕೆ ಕಳಿಸ್ತಾರೆ. ನೀವು ಗೆದ್ದಿದ್ದ ಪಂದ್ಯಗಳ ಫಲಿತಾಂಶ ತಿರುಗಿ ತಂಡದ ಸ್ಥಾನವೇ ಕುಸಿಯಬಹುದು. ಎಷ್ಟು ದಾಟಿದರೆ ಸ್ಟ್ರೈಕ್ ಅನ್ನೋ ಸಂಖ್ಯೆ ಬಹಿರಂಗ ಮಾಡಲ್ಲ, ಸ್ಟ್ರೈಕ್ ಬಿದ್ದದ್ದೂ ತಿಳಿಸಲ್ಲ. "ಎರಡು ಪಂದ್ಯದಲ್ಲಿ ಬೇಕಂತಲೇ ನಾಲ್ಕು ಗೇಮ್ ಬಿಟ್ಟುಕೊಡು" ಅನ್ನುವವರು ಕತ್ತಲಲ್ಲಿ ಕಲ್ಲು ಹೊಡೀತಿರ್ತಾರೆ.

ಇನ್ನೊಂದು ದಾರಿ ದೂರು. ಮಟ್ಟ ಹೇಳಿಕೊಳ್ಳುವಾಗ ತುಂಬುವ ಪ್ರಶ್ನಾವಳಿಯಲ್ಲಿ ಮುಚ್ಚಿಟ್ಟದ್ದು ಹೊರಬಂದರೆ ಎದುರು ತಂಡದವರು ಎನ್‌ಟಿಆರ್‌ಪಿ ದೂರು ಕೊಡಬಹುದು. ಗೊತ್ತಿದ್ದೂ ಸುಮ್ಮನಿದ್ದ ಕ್ಯಾಪ್ಟನ್‌ಗೂ ಶಿಕ್ಷೆ ಆಗಬಹುದು. ಹಾಗಾಗಿ ಪ್ರಶ್ನಾವಳಿಯಲ್ಲಿ ಭಾರತದ ಆಟವನ್ನೂ ಬರೆಯಿರಿ. "ಇಲ್ಲಿ ಯಾರಿಗೆ ಗೊತ್ತಾಗುತ್ತೆ" ಅಂದುಕೊಂಡು ಬಿಡುವವರು ಬಹಳ. ಹೊರದೇಶದ ಜೂನಿಯರ್ ರ‍್ಯಾಂಕಿಂಗ್, ವಿಶ್ವವಿದ್ಯಾಲಯ ತಂಡ, ವೃತ್ತಿಪರ ಪಂದ್ಯ, ಕೋಚ್ ಆಗಿ ಮಾಡಿದ ಕೆಲಸ ಎಲ್ಲವೂ ಆಟದ ಇತಿಹಾಸದಲ್ಲಿ ಬರುತ್ತೆ. ಎಐಟಿಎ 14 ಅಥವಾ 16ರ ಒಳಗಿನವರ ಪಟ್ಟಿಯಲ್ಲಿ ಹೆಸರಿದ್ದವರು, ವಿ.ವಿ. ತಂಡದ ಪರವಾಗಿ ಅಂತರ ವಿ.ವಿ. ಆಡಿದವರು 3.5 ಹಾಕಲು ಹೋದರೆ ಅಲ್ಲೇ ತಡೆ ಬೀಳಬಹುದು, ಏಕೆಂದರೆ ಅಂಥವರಿಗೆ ವಯಸ್ಸಿಗೆ ತಕ್ಕ ಹಾಗೆ ಕನಿಷ್ಠ ಮಟ್ಟ ಇರುತ್ತೆ. ವಯಸ್ಸು ಹೆಚ್ಚಾದಂತೆ ಆ ಕನಿಷ್ಠ ಇಳಿಯುತ್ತೆ. ನಿಮ್ಮದು ಅಂತರ ಕಾಲೇಜು ಮಾತ್ರ, ರ‍್ಯಾಂಕಿಂಗ್ ಇಲ್ಲ. ಅದನ್ನೇ ಹಾಗೇ ಬರೆದರೆ ತೊಂದರೆ ಇಲ್ಲ. ಆದರೆ ಕೋಚಿಂಗ್ ಆಗಿ, ಪಂದ್ಯ ಆಡಿ, ಈಗ ವಾರಕ್ಕೆರಡು ದಿನ ಆಡುವ 36ರ ಮನುಷ್ಯ 3.0 ಅಂದರೆ ನಂಬೋದು ಕಷ್ಟ.

ಮೇಲೆ ಬರೆದರೆ ಏನಾಗುತ್ತೆ? ಅದಕ್ಕೆ ಶಿಕ್ಷೆ ಇಲ್ಲ, ಆದರೆ ಬೆಂಚು ಇದೆ. 4.0 ಅಂತ ಬರೆದು ಮೊದಲೆರಡು ಪಂದ್ಯ 6-1, 6-0 ಸೋತರೆ ಯಾವ ಕ್ಯಾಪ್ಟನ್ನೂ ಮೂರನೆಯದಕ್ಕೆ ಕರೆಯಲ್ಲ, ಕೆಳಗಿನ ತಂಡಕ್ಕೆ ಹೋಗುವ ಹಾಗೂ ಇಲ್ಲ. ನಿಯಮ ಒಂದೇ ದಿಕ್ಕಿನದು: 3.5 ಇದ್ದವರು 4.0 ತಂಡದಲ್ಲಿ ಆಡಬಹುದು, 4.0 ಇದ್ದವರು 3.5ರಲ್ಲಿ ಆಡುವಂತಿಲ್ಲ. ಹೀಗಾಗಿ ಎರಡು ಮಟ್ಟದ ನಡುವೆ ನಿಜವಾಗಿ ಗೊಂದಲ ಇದ್ದರೆ ಕೆಳಗಿನದು ಹಾಕಿ ಮೇಲಿನ ತಂಡದಲ್ಲೂ ಆಡೋದು ಉಂಟು. ಗೊಂದಲ ನಿಜವಾಗಿರಬೇಕು ಅಷ್ಟೆ.

ಹಗ್ಗ ಮತ್ತು ಕೋನ್:

ಕೋಚಿಂಗ್ ಕಡೆಯಿಂದ ಹೇಳೋದಾದರೆ ಅಳತೆಗೆ ಒಬ್ಬ ಜೊತೆಗಾರ, ಎರಡು ಹೊಸ ಡಬ್ಬಿ ಚೆಂಡು, ಆರು ಕೋನ್, ಒಂದು ಗಂಟೆ ಸಾಕು. ಹಳೇ ಚೆಂಡು ಬೇಡ. ಗಾಳಿ ಹೋದ ಚೆಂಡು ನಿಧಾನ ಬರುತ್ತೆ, ತಗ್ಗು ಪುಟಿಯುತ್ತೆ, ಎಲ್ಲರ ಆಟವೂ ಅರ್ಧ ಮೆಟ್ಟಿಲು ಮೇಲೆ ಕಾಣಿಸುತ್ತೆ.

ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ ಐಟಿಎಫ್‌ನದೇ ಒಂದು ಆನ್‌ಕೋರ್ಟ್ ಪರೀಕ್ಷೆ ಇದೆ, ಅವರ ಐಟಿಎನ್ ಅನ್ನೋ ಮಟ್ಟದ ಸಂಖ್ಯೆಗಾಗಿ ಮಾಡಿದ್ದು. ಹತ್ತು ಗ್ರೌಂಡ್‌ಸ್ಟ್ರೋಕ್ (ಪುಟಿದ ಮೇಲೆ ಹೊಡೆಯುವ ಹೊಡೆತ) ಆಳಕ್ಕೆ, ಎಂಟು ವಾಲಿ ಆಳಕ್ಕೆ, ಹನ್ನೆರಡು ಗ್ರೌಂಡ್‌ಸ್ಟ್ರೋಕ್ ಗುರಿಗೆ, ಹನ್ನೆರಡು ಸರ್ವ್, ಕೊನೆಗೆ ಕೋರ್ಟ್ ಮೇಲಿನ ಐದು ಚೆಂಡು ಓಡಿ ಹೆಕ್ಕುವ ಸಮಯ. ಒಟ್ಟು 430 ಅಂಕ. ಚೆನ್ನಾಗಿದೆ, ಆದರೆ ಎನ್‌ಟಿಆರ್‌ಪಿಗೆ ನೇರ ಜೋಡಣೆ ಇಲ್ಲ. ಒಂದೇ ಗತಿಯಲ್ಲಿ ಬರುವ ಫೀಡ್ (ಅಭ್ಯಾಸಕ್ಕೆ ಕೊಡುವ ಚೆಂಡು) ಆದ್ದರಿಂದ ಓದುವ ಶಕ್ತಿ, ಅಂದರೆ ಚೆಂಡು ಎಲ್ಲಿಗೆ ಬರುತ್ತೆ ಅಂತ ಮೊದಲೇ ಊಹಿಸೋದು, ಅದರಲ್ಲಿ ಅಳತೆಗೆ ಸಿಗಲ್ಲ. ಅದಕ್ಕೆ ಕೆಳಗಿನ ಹಾಗೆ ಸ್ವಲ್ಪ ತಿರುಚಿ ಮಾಡಿ. ಮುಂದೆ ಬರುವ ಸಂಖ್ಯೆಗಳು ಯಾವ ಸಂಸ್ಥೆಯದ್ದೂ ಅಲ್ಲ, ಕೋರ್ಟ್ ಮೇಲೆ ಬಳಸುವ ಅಂದಾಜು.

ಸರ್ವ್ ಮೊದಲು, ಅದೂ ಎರಡನೇ ಸರ್ವ್. ಡ್ಯೂಸ್ ಕಡೆ (ಕೋರ್ಟ್‌ನ ಬಲ ಅರ್ಧ) ಹತ್ತು, ಅಡ್ವಾಂಟೇಜ್ ಕಡೆ (ಎಡ ಅರ್ಧ) ಹತ್ತು. ಸಾಲಾಗಿ ಹೊಡೆಯಬೇಡಿ, ಕಡೆ ಬದಲಿಸುತ್ತಾ ಹೊಡೆಯಿರಿ. ಸಾಲಾಗಿ ಹೊಡೆದರೆ ನಾಲ್ಕನೆಯದರಿಂದ ಲಯ ಸಿಕ್ಕಿ ಅಂಕ ಸುಳ್ಳಾಗುತ್ತೆ. ಇಪ್ಪತ್ತರಲ್ಲಿ ಹನ್ನೆರಡರ ಸುತ್ತಮುತ್ತ ಒಳಗೆ, ಅದೂ ಫೋರ್‌ಹ್ಯಾಂಡ್ ಹಿಡಿತದಲ್ಲಿ ತಳ್ಳಿದ್ದು ಅಂದರೆ 3.0. ಹದಿನಾಲ್ಕು ಹದಿನೈದು ಒಳಗೆ, ಸರ್ವ್‌ನ ಪೂರ್ತಿ ಚಲನೆ ಇದೆ, ದಿಕ್ಕು ಮಾತ್ರ ಕೈಯಲ್ಲಿಲ್ಲ ಅಂದರೆ 3.5. ಹದಿನೇಳು ದಾಟಿ, ಚೆಂಡಿಗೆ ಸ್ಪಿನ್ ಇದ್ದು, ಹೇಳಿದಾಗ ಅರ್ಧಕ್ಕಿಂತ ಹೆಚ್ಚು ಸಲ ಎದುರಿನವರ ಬ್ಯಾಕ್‌ಹ್ಯಾಂಡ್ ಕಡೆ ಹೋದರೆ 4.0 ಕಡೆ ನೋಡಬಹುದು. ಎರಡನೇ ಸರ್ವ್‌ಗೆ ಕಾಂಟಿನೆಂಟಲ್ ಹಿಡಿತ (ಸುತ್ತಿಗೆ ಹಿಡಿದ ಹಾಗೆ ಹಿಡಿಯೋದು) ಇಲ್ಲದವರು 4.0 ದಾಟೋದು ಅಪರೂಪ, ಏಕೆಂದರೆ ಆ ಹಿಡಿತ ಇಲ್ಲದೆ ಚೆಂಡಿಗೆ ಸ್ಪಿನ್ ಬರಲ್ಲ. ಸ್ಪಿನ್ ಇಲ್ಲದಿದ್ದರೆ ಚೆಂಡು ಒಳಗೆ ಬೀಳಲು ವೇಗ ಇಳಿಸುವುದೊಂದೇ ದಾರಿ.

ಆಮೇಲೆ ಆಳ. ಸರ್ವಿಸ್ ಲೈನ್‌ನಿಂದ ಬೇಸ್‌ಲೈನ್‌ಗೆ 18 ಅಡಿ. ನಡುವೆ, ಬೇಸ್‌ಲೈನ್‌ನಿಂದ 9 ಅಡಿಗೆ, ಕೋನ್ ಇಡಿ. ಜೊತೆಗಾರ ಆಚೆ ಬೇಸ್‌ಲೈನ್‌ನಿಂದ ರ‍್ಯಾಕೆಟ್‌ನಲ್ಲೇ ಫೀಡ್ ಕೊಡಲಿ, ಕೈಯಲ್ಲಿ ಎಸೆಯೋದು ಬೇಡ. ಒಂದು ಎಡಕ್ಕೆ, ಒಂದು ಬಲಕ್ಕೆ, ಪ್ರತಿಯೊಂದಕ್ಕೂ ನೀವು ಮೂರು ನಾಲ್ಕು ಹೆಜ್ಜೆ ಓಡಬೇಕು, ಮತ್ತೆ ನಡುವಿಗೆ ವಾಪಸು ಬರಬೇಕು. ಕಡೆಗೆ ಹತ್ತರಂತೆ ಇಪ್ಪತ್ತು. ಎರಡು ಲೆಕ್ಕ ಬರೆದಿಡಿ: ಸರ್ವಿಸ್ ಲೈನ್ ದಾಟಿ ಬಿದ್ದವು ಎಷ್ಟು, ಕೋನ್ ದಾಟಿ ಬಿದ್ದವು ಎಷ್ಟು. ಫೋರ್‌ಹ್ಯಾಂಡ್‌ನಲ್ಲಿ ಏಳು, ಬ್ಯಾಕ್‌ಹ್ಯಾಂಡ್‌ನಲ್ಲಿ ನಾಲ್ಕು ಸರ್ವಿಸ್ ಲೈನ್ ದಾಟಿದರೆ ಅದು 3.5ರ ಸಾಮಾನ್ಯ ಚಿತ್ರ. ಎರಡೂ ಕಡೆ ಏಳು ದಾಟಿ, ಅದರಲ್ಲಿ ಮೂರ‍್ನಾಲ್ಕು ಕೋನ್ ಆಚೆ ಬಿದ್ದು, ಕ್ರಾಸ್ ಅಥವಾ ನೇರ ಅಂತ ಮೊದಲೇ ಹೇಳಿ ಹೊಡೆದವು ಆಗಿದ್ದರೆ 4.0.

ನಾನು ಹೆಚ್ಚು ತೂಕ ಕೊಡೋದು ಮೂರನೆಯದಕ್ಕೆ, ರಿಟರ್ನ್‌ಗೆ. ನಿಮಗಿಂತ ಸ್ವಲ್ಪ ಗಟ್ಟಿ ಸರ್ವ್ ಇರುವವರ ಕೈಯಲ್ಲಿ ಇಪ್ಪತ್ತು ಸರ್ವ್ ಹೊಡೆಸಿ. ಒಳಗೆ ಬಿದ್ದವಲ್ಲಿ ಎಷ್ಟು ವಾಪಸು ಹೋದವು ಅಂತ ಮಾತ್ರ ನೋಡಿ, ಚಂದ ನೋಡಬೇಡಿ. ಮಣ್ಣಿನ ಕೋರ್ಟ್‌ನಲ್ಲಿ ಕಲಿತವರಿಗೆ ಇಲ್ಲಿನ ಹಾರ್ಡ್ ಕೋರ್ಟ್‌ನಲ್ಲಿ ಮೊದಲು ಕೈಕೊಡೋದೇ ಇದು. ಮಣ್ಣಿನ ಮೇಲೆ ಪುಟಿದ ಚೆಂಡು ವೇಗ ಕಳೆದುಕೊಂಡು ಎತ್ತರಕ್ಕೆ ಬರುತ್ತೆ, ರ‍್ಯಾಕೆಟ್ ಪೂರ್ತಿ ಹಿಂದಕ್ಕೆ ಒಯ್ಯಲು ಸಮಯ ಇರುತ್ತೆ. ಹಾರ್ಡ್ ಕೋರ್ಟ್‌ನಲ್ಲಿ ಅದೇ ದೊಡ್ಡ ಬೀಸು ತಡವಾಗುತ್ತೆ, ಚೆಂಡು ಅಂಚಿಗೆ ತಾಗಿ ಹಾರಿಹೋಗುತ್ತೆ. ಬ್ಯಾಕ್‌ಸ್ವಿಂಗ್ ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಅಳೆದರೆ ನಿಜವಾದ ಮಟ್ಟ ಕಾಣುತ್ತೆ.

ವಾಲಿ, ಓವರ್‌ಹೆಡ್ ಹತ್ತತ್ತು ಸಾಕು. ಓವರ್‌ಹೆಡ್‌ಗೆ ಲಾಬ್ ಮಾತ್ರ ಎರಡು ಹೆಜ್ಜೆ ಹಿಂದೆ ಹೋಗುವ ಹಾಗಿರಲಿ. ನಿಂತಲ್ಲೇ ಬರುವ ಲಾಬ್ ಯಾರಾದರೂ ಹೊಡೀತಾರೆ.

ಗೋಡೆಗೆ ಹೊಡೆದು, ಬಾಲ್ ಮಷಿನ್ ಮುಂದೆ ನಿಂತು ಅಳೆಯಬೇಡಿ. ಮಷಿನ್ ಒಂದೇ ವೇಗ, ಒಂದೇ ಎತ್ತರ ಕೊಡುತ್ತೆ. ಅಲ್ಲಿ 4.5 ಕಾಣುವವರು ಎಷ್ಟೋ ಜನ.

ಅಡ್ ಕೋರ್ಟ್:

ಎಲ್ಲಾ ಸರಿ ಅದ, ಆದ್ರ ಸಿಂಗಲ್ಸ್ ಲೆಕ್ಕದಾಗ ಅಳದು ಡಬಲ್ಸ್ ಆಡಾಕ ಹೋದ್ರ ಪೆಟ್ಟು ತಿಂತೀರಿ. ಐದು ಲೈನ್ ಒಳಗ ಮೂರು ಡಬಲ್ಸ್ ಅದಾವ, ಅಂದ್ರ ಎಂಟು ಮಂದಿ ಒಳಗ ಆರು ಮಂದಿ ಡಬಲ್ಸ್ ಆಡೋರು. ಹೊಸಬರನ್ನ ಮೊದಲು ಹಾಕೋದೂ ಅಲ್ಲೇ.

ಒಂದು ಸೆಟ್ ಡಬಲ್ಸ್ ಫೋನಿನಾಗ ವಿಡಿಯೋ ಹಿಡೀರಿ. ಬೇಸ್‌ಲೈನ್ ಹಿಂದಿನ ಬೇಲಿಗೆ, ಆಳೆತ್ತರದ ಮ್ಯಾಲೆ ಕಟ್ಟಿದ್ರ ಇಡೀ ಕೋರ್ಟ್ ಕಾಣತದ. ಆಮ್ಯಾಲ ಹೊಡೆತ ನೋಡಬ್ಯಾಡ್ರಿ, ಚೆಂಡು ನಿಮ್ಮ ಹತ್ರ ಇಲ್ಲದಾಗ ನಿಮ್ಮ ಕಾಲು ಏನ್ ಮಾಡ್ತಾವ ನೋಡ್ರಿ. ಜೊತೆಗಾರ ಅಡ್ಡ ಓಡಿದಾಗ ನೀವು ನಡು ಮುಚ್ಚಿದ್ರೇನು? ಲಾಬ್ ಮ್ಯಾಲೆ ಹೋದಾಗ ಇಬ್ರೂ ಒಂದೇ ಕಡೆ ಓಡಿದ್ರೇನು? ನೆಟ್‌ನಾಗ ನಿಂತಾಗ ಎದುರಿನವ ಹೊಡಿಯೋ ಹೊತ್ತಿಗೆ ಸ್ಪ್ಲಿಟ್ ಸ್ಟೆಪ್ (ಎರಡೂ ಕಾಲ ಮ್ಯಾಲೆ ಸಣ್ಣ ಜಿಗಿತ) ಅದ ಏನು? ಈ ಮೂರೂ ಇಲ್ಲಂದ್ರ ಫೋರ್‌ಹ್ಯಾಂಡ್ ಎಷ್ಟ ಬೆಂಕಿ ಇದ್ರೂ 4.0 ಡಬಲ್ಸ್‌ನಾಗ ನಿಂದ್ರಾಂಗಿಲ್ಲ.

ಮತ್ತ ನಿಮ್ಮ ಜೊತೆಗಾರರ ಮಾತಿಗೆ ಭಾಳ ಬೆಲೆ ಕೊಡಬ್ಯಾಡ್ರಿ. ದಿನಾ ಒಬ್ಬರ ಜೋಡಿನ ಆಡಿದ್ರ ಅವರ ಚೆಂಡು ನಿಮಗ ಬಾಯಿಪಾಠ ಆಗಿರತದ. ಮೂರು ಮಂದಿ ಗುರುತಿಲ್ಲದ, ಸಿ ರೇಟಿಂಗ್ ಇರೋ 3.5 ಆಟಗಾರರ ಜೋಡಿ ಪೂರ್ತಿ ಎರಡು ಸೆಟ್ ಎಣಿಸಿ ಆಡ್ರಿ. ಮೂರೂ ಕಡೆ 6-4, 4-6 ಈ ತರ ಬಂದ್ರ ಮಾತು ಮುಗೀತು, ನೀವು 3.5. ಮೂರೂ ಕಡೆ ಎರಡೆರಡು ಗೇಮ್ ಅಷ್ಟ ಸಿಕ್ರ ಒಂದು ಮೆಟ್ಟಿಲು ಕೆಳಗ. ನೀವ 6-1, 6-2 ಹೊಡದ್ರ ಒಂದು ಮ್ಯಾಲ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಹಗ್ಗ ಮತ್ತು ಕೋನ್ ಅವರು ಹೇಳಿದ ಹಾಗೆ ಅಳೆದೆ. ಎರಡನೇ ಸರ್ವ್ ಹದಿನಾಲ್ಕು, ದಿಕ್ಕು ನನ್ನ ಕೈಯಲ್ಲಿಲ್ಲ. ಫೋರ್‌ಹ್ಯಾಂಡ್ ಎಂಟು ಸರ್ವಿಸ್ ಲೈನ್ ದಾಟಿದವು, ಸ್ಲೈಸ್ ಐದು. ರಿಟರ್ನ್ ಮಾತ್ರ ಬಹಳ ಕಷ್ಟವಾಯಿತು. ಇನ್ನೆರಡು ಕೇಳಬೇಕಿತ್ತು. ಒಂದು, ಯುಟಿಆರ್ (ಇನ್ನೊಂದು ಟೆನಿಸ್ ರೇಟಿಂಗ್) ನೋಡಿ ಎನ್‌ಟಿಆರ್‌ಪಿ ಹೇಳಬಹುದಾ? ಎರಡು, ಮನೆಯವರೂ ಸೇರಬೇಕು ಅಂತಿದ್ದಾರೆ. ಅವರ 3.0, ನನ್ನ 3.0 ಒಂದೇನಾ?

ಎರಡನೇ ಸರ್ವ್:

ಎರಡನೆಯದಕ್ಕೆ ಮೊದಲು ಉತ್ತರ: ಒಂದೇ ಅಲ್ಲ. ಲೀಗ್‌ನಲ್ಲಿ ಗಂಡಸರು ಗಂಡಸರ ಜೊತೆ, ಹೆಂಗಸರು ಹೆಂಗಸರ ಜೊತೆ ಆಡಿ ಬಂದ ಅಂಕಿಗಳವು. ಮಟ್ಟದ ಹೆಸರು ಒಂದೇ ಇದ್ದರೂ ಚೆಂಡಿನ ವೇಗ, ಸರ್ವ್‌ನ ತೂಕ ಬೇರೆ. ಅವರ ಆಟವನ್ನು ನಿಮ್ಮ ಜೊತೆ ಆಡಿಸಿ ಅಳೆಯಬೇಡಿ, ಸಿ ರೇಟಿಂಗ್ ಇರುವ ಹೆಂಗಸರ ಜೊತೆ ಎರಡು ಸೆಟ್ ಆಡಿಸಿ. ಮಿಕ್ಸೆಡ್‌ನಲ್ಲಿ ಇಬ್ಬರ ಮಟ್ಟ ಕೂಡಿಸಿ 6.0, 7.0, 8.0 ಹೀಗೆ ವಿಭಾಗ ಇರುತ್ತೆ. ನೀವು 3.5, ಅವರು 3.0 ಆದರೆ ಒಟ್ಟು 6.5, ಹೋಗಬೇಕಾದ್ದು 7.0 ವಿಭಾಗಕ್ಕೆ. ಅಲ್ಲಿ 3.5 ಮತ್ತು 3.5, 4.0 ಮತ್ತು 3.0 ಜೋಡಿಗಳೇ ಹೆಚ್ಚು ಎದುರಾಗೋದು. ಆ ಅರ್ಧ ಅಂಕದ ಕೊರತೆ ತಿಳಿದೇ ಸೇರಿ.

ಯುಟಿಆರ್ 1.00ರಿಂದ 16.50ರ ತನಕ, ಗಂಡಸರು ಹೆಂಗಸರು ಎಲ್ಲರೂ ಒಂದೇ ಅಳತೆಗೋಲಿನಲ್ಲಿ. ಹಿಂದಿನ ಹನ್ನೆರಡು ತಿಂಗಳಲ್ಲಿ ಆಡಿದ 30 ಪಂದ್ಯಗಳವರೆಗೆ ಪರಿಗಣಿಸಿ, ಎದುರಾಳಿಯ ಮಟ್ಟ ಮತ್ತು ಗೆದ್ದ ಗೇಮ್‌ಗಳ ಪಾಲು ನೋಡಿ ಕೊಡ್ತಾರೆ. ಐಟಿಎಫ್‌ನ ವರ್ಲ್ಡ್ ಟೆನಿಸ್ ನಂಬರ್ ತಿರುವುಮುರುವು: 40 ಕೆಳಗಿನದು, 1 ಮೇಲಿನದು. ಪರಿವರ್ತನೆಯ ಪಟ್ಟಿಗಳು ಸಿಗುತ್ತವೆ, ಒಂದಕ್ಕೊಂದು ತಾಳೆ ಆಗಲ್ಲ. ಯುಟಿಆರ್ ಬೇರೆ ಕೆಲಸಕ್ಕೆ ಬರುತ್ತೆ. ನೀವು ಆಡಬೇಕೆಂದಿರುವ ಸ್ಥಳೀಯ 3.5 ತಂಡಗಳ ಆಟಗಾರರ ಯುಟಿಆರ್ ಹುಡುಕಿ, ಅವರ ನಡುವೆ ನಿಮ್ಮದು ಎಲ್ಲಿ ಬೀಳುತ್ತೆ ನೋಡಿ. ಸಿಂಗಲ್ಸ್, ಡಬಲ್ಸ್‌ಗೆ ಬೇರೆ ಬೇರೆ ಅಂಕ ಇರುತ್ತೆ, ಅದಲುಬದಲು ಮಾಡಬೇಡಿ. ಎರಡೇ ಪಂದ್ಯ ಆಡಿ ಬಂದ ಯುಟಿಆರ್ ಇದ್ದರೆ ಅದನ್ನು ನೆಚ್ಚಬೇಡಿ.

ಫಲಿತಾಂಶ ನೋಡಿದರೆ ನೀವು 3.5, ಅದೂ ಮೊದಲ ಅರ್ಧದಲ್ಲಿ. ಸರ್ವ್‌ಗೆ ದಿಕ್ಕಿಲ್ಲ, ರಿಟರ್ನ್ ಇನ್ನೂ ಇಲ್ಲಿನ ಕೋರ್ಟ್‌ಗೆ ಹೊಂದಿಲ್ಲ, ಆದರೆ ಫೋರ್‌ಹ್ಯಾಂಡ್ 3.0ರವರಿಗೆ ಅನ್ಯಾಯ ಮಾಡುವಷ್ಟಿದೆ. ಒಂದು ಸೀಸನ್ ಹಾರ್ಡ್ ಕೋರ್ಟ್‌ನಲ್ಲಿ ಆಡಿದರೆ ರಿಟರ್ನ್ ತಾನಾಗಿ ಸರಿಹೋಗುತ್ತೆ. ಈಗ 3.0 ಹಾಕಿದರೆ ಆ ಹೊತ್ತಿಗೇ ಸ್ಟ್ರೈಕ್ ಬೀಳಲು ಶುರು.

ಅಡ್ ಕೋರ್ಟ್:

ಹೌದ್ರಿ, 3.5. ಆ ಸ್ಲೈಸ್ ಇಟ್ಟುಕೊಂಡು ಅಡ್ವಾಂಟೇಜ್ ಕಡೆ ನಿಂದ್ರಬ್ಯಾಡ್ರಿ, ಡ್ಯೂಸ್ ಕಡೆ ಆಡ್ರಿ. ನೀವು ಬಲಗೈಯವರಾದ್ರ ಅಗಲಕ್ಕ ಹೋಗೋ ಸರ್ವ್ ಅಲ್ಲಿ ಫೋರ್‌ಹ್ಯಾಂಡ್‌ಗೇ ಬರತದ.

ಲೈನ್‌ಅಪ್ ಬರೆಯುವವ:

ನನ್ನ ಮತವೂ 3.5. ಸೇರಿದ ಮೇಲೆ ಲೆಕ್ಕ ಹೇಗೆ ಓಡುತ್ತೆ ಅಂತ ಹೇಳಿಬಿಡ್ತೀನಿ, ಇಲ್ಲದಿದ್ದರೆ ಡಿಸೆಂಬರ್‌ನಲ್ಲಿ ಗಾಬರಿ ಆಗ್ತೀರಿ.

ಕಂಪ್ಯೂಟರ್ ಗೆಲುವು ಸೋಲು ಎಣಿಸಲ್ಲ. ನಾಲ್ವರ ಅಂಕ ನೋಡಿ ಯಾರು ಎಷ್ಟು ಗೇಮ್ ಗೆಲ್ಲಬೇಕು ಅಂತ ಒಂದು ನಿರೀಕ್ಷೆ ಇರುತ್ತೆ. ಅದಕ್ಕಿಂತ ಚೆನ್ನಾಗಿ ಆಡಿದರೆ ಏರುತ್ತೆ, ಕಡಿಮೆಯಾದರೆ ಇಳಿಯುತ್ತೆ. ಬಲಹೀನ ಜೋಡಿ ಎದುರು 7-5, 7-6 ಗೆದ್ದು ಇಳಿಯಬಹುದು. ಮೇಲಿನ ಜೋಡಿ ಎದುರು 4-6, 4-6 ಸೋತು ಏರಬಹುದು. ಆದ್ದರಿಂದ 1-5 ಹಿಂದಿದ್ದಾಗ ಸೆಟ್ ಬಿಟ್ಟುಕೊಡೋ ಅಭ್ಯಾಸ ಇದ್ದರೆ ಬಿಡಿ, ಅಲ್ಲಿಂದ ಗೆಲ್ಲುವ ಒಂದೆರಡು ಗೇಮ್ ಕೂಡ ಲೆಕ್ಕದಲ್ಲಿರುತ್ತೆ. ಮೂರನೇ ಸೆಟ್ ಬದಲು ಬಹಳ ಕಡೆ ಹತ್ತು ಪಾಯಿಂಟ್‌ನ ಟೈಬ್ರೇಕ್ ಆಡಿಸ್ತಾರೆ, ಅದಕ್ಕೆ ಎರಡು ಅಂಕದ ಅಂತರ ಬೇಕು.

ವರ್ಷದ ರೇಟಿಂಗ್ ಪಟ್ಟಿ ಡಿಸೆಂಬರ್ ಮೊದಲ ದಿನಗಳಲ್ಲಿ ಬರುತ್ತೆ. ಅಲ್ಲಿ ನಿಮ್ಮ ಎಸ್ ಹೋಗಿ ಸಿ ಬರಬೇಕಾದರೆ ಒಂದೆರಡು ಪಂದ್ಯ ಸಾಲದು, ಐದಾರು ಆಡಿದರೆ ಅಂಕಿಯೂ ನಂಬುವ ಹಾಗಿರುತ್ತೆ. ಸಿ ಬಂದ ಮೇಲೆ ಗಡಿಯಲ್ಲಿ ಕೂದಲೆಳೆಯಷ್ಟು ಆಚೀಚೆ ಇದ್ದರೆ ಆನ್‌ಲೈನ್ ಮೇಲ್ಮನವಿ ಹಾಕಿದ ತಕ್ಷಣ ಸಿಸ್ಟಮ್ಮೇ ಹೌದು ಅಥವಾ ಇಲ್ಲ ಅನ್ನುತ್ತೆ. ಮೇಲ್ಮನವಿಯಲ್ಲಿ ಬಂದ ಎ ಮೇಲೂ ಮೂರು ಸ್ಟ್ರೈಕ್ ಇದೆ ಅನ್ನೋದು ನೆನಪಿರಲಿ. ಶಾಶ್ವತ ಗಾಯದ ಮೇಲ್ಮನವಿ ಬೇರೆ, ಅದಕ್ಕೆ ವೈದ್ಯರ ಕಾಗದ ಬೇಕು.

ನಿಮ್ಮ ಕ್ಯಾಪ್ಟನ್‌ಗೆ ಹೀಗೆ ಹೇಳಿ: "ನಾನು 3.5 ಹಾಕ್ತೀನಿ, ನಿಮ್ಮದು 3.0 ತಂಡ ಮಾತ್ರವಾ, 3.5 ಕೂಡ ಇದೆಯಾ?" ಬಹಳ ಕ್ಯಾಪ್ಟನ್‌ಗಳಿಗೆ ಎರಡೂ ಕಡೆ ಪರಿಚಯ ಇರುತ್ತೆ, ಅವರೇ ಬೇರೆ ತಂಡಕ್ಕೆ ಸೇರಿಸ್ತಾರೆ. ಯುಎಸ್‌ಟಿಎ ಸದಸ್ಯತ್ವ ಮಾಡಿಸಿಕೊಂಡು, ಪ್ರಶ್ನಾವಳಿ ತುಂಬಿ, ಮಟ್ಟ ಖಾತೆಯಲ್ಲಿ ಕಂಡ ಮೇಲೆ ಕ್ಯಾಪ್ಟನ್ ಕೊಡುವ ತಂಡದ ಸಂಖ್ಯೆ ಹಾಕಿ ನೋಂದಾಯಿಸಿ. ಮಟ್ಟ ಬರೆದ ಮೇಲೆ ನೀವೇ ಇಳಿಸಲು ಬರಲ್ಲ, ಅದಕ್ಕೂ ಸಮಿತಿಗೆ ಅರ್ಜಿ ಹಾಕಬೇಕು. ಉತ್ತರ ತುಂಬಿದ ಪುಟಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಭಾರತದ ಅಂತರ ಕಾಲೇಜು ವಿಷಯ ಬರೆದದ್ದು ಅದರಲ್ಲಿ ಕಾಣುವಂತಿರಲಿ. ಯುಎಸ್‌ಟಿಎಯಲ್ಲಿ ಟೆಕ್ಸಾಸ್ ತಾನೇ ಒಂದು ಸೆಕ್ಷನ್ (ಪ್ರಾದೇಶಿಕ ವಿಭಾಗ), ಕನಿಷ್ಠ ಪಂದ್ಯ, ಕೊನೆ ದಿನಾಂಕ ಇಂಥವು ಅವರದೇ ಇರುತ್ತವೆ. ಬೇರೆ ರಾಜ್ಯದ ಸ್ನೇಹಿತರ ಮಾತು ಕೇಳಿ ಹೋಗದೆ ನಿಮ್ಮ ಸ್ಥಳೀಯ ಲೀಗ್ ಕೋಆರ್ಡಿನೇಟರ್‌ಗೆ ಒಂದು ಇಮೇಲ್ ಹಾಕಿ.